ಅರ್ಧ ಒರೆಸಿದ ಮನೆ

ಮನೆ ಬಿಟ್ಟು ಹೊರಡುವ ವಿಷಯದಲ್ಲಿ ಜನರಲ್ಲಿ ಎರಡೇ ಜಾತಿ. ಚಪ್ಪಲಿ ಮೆಟ್ಟಿಕೊಂಡರೆ ಹೊರಟಂತೆ ಎಂದು ತಿಳಿದವರದು ಒಂದು. ನಮ್ಮ ಮನೆಯವರು ಆ ಪೈಕಿ. ಇನ್ನೊಂದು ನನ್ನದು. ಗ್ಯಾಸ್ ಆಫ್ ಮಾಡಿ, ಮಾಡಿದ್ದು ನಿಜವೇ ಎಂದು ಮತ್ತೆ ಹೋಗಿ ನೋಡಿ, ಹಾಲಿಗೆ ಹೆಪ್ಪು ಹಾಕಿ, ಹಿತ್ತಲ ಬಾಗಿಲ ಚಿಲಕ ಎಳೆದು ನೋಡಿ, ಎಲ್ಲಕ್ಕಿಂತ ಮುಖ್ಯವಾಗಿ ಇಡೀ ಮನೆ ಗುಡಿಸಿ ಒರೆಸಿದ ಮೇಲೆಯೇ ನನ್ನ ಕಾಲು ಹೊಸ್ತಿಲು ದಾಟುವುದು. ಇದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಮನೆಯಿಂದ ಯಾರಾದರೂ ಊರಿಗೆ ಹೊರಟ ಬೆನ್ನಿಗೇ ಕಸ ಗುಡಿಸಬಾರದು, ಹಾಗೆ ಗುಡಿಸುವುದು ಹೋದವರು ಇನ್ನು ಬರುವುದಿಲ್ಲ ಎಂದಾದಾಗ ಮಾತ್ರ ಎಂದು ನಮ್ಮತ್ತೆ ಹೇಳುತ್ತಾರೆ. ಅಂದಮೇಲೆ ಹೊರಡುವ ಮೊದಲೇ ಗುಡಿಸಬೇಕು, ಇಲ್ಲವೇ ವಾಪಸು ಬರುವ ತನಕ ಕಸ ಹಾಗೇ ಬಿದ್ದಿರಬೇಕು. ಕಸ ಹಾಗೇ ಬಿದ್ದಿದೆ ಎಂಬ ಯೋಚನೆ ಹೊತ್ತು ಎಲ್ಲಿಗೆ ಹೋದರೂ ನಾನು ಕೂತಲ್ಲಿ ಕೂರಲಾರೆ. ಹೀಗಾಗಿ ಬಸ್ಸು ತಪ್ಪಿಸಿಕೊಂಡಿದ್ದೇನೆ, ರೈಲು ತಪ್ಪಿಸಿಕೊಂಡಿದ್ದೇನೆ, ಸ್ವಂತ ತಂಗಿಯ ಮದುವೆಯಲ್ಲಿ ಮುಹೂರ್ತ ತಪ್ಪಿಸಿಕೊಂಡು ಊಟಕ್ಕೆ ಸರಿಯಾಗಿ ತಲುಪಿದ್ದೇನೆ. ಹೈಸ್ಕೂಲಿನಲ್ಲಿ ನಾನು ಕಲಿಸುವುದು ಗಣಿತ. ಇಷ್ಟು ಗಂಟೆಗೆ ಹೊರಟ ರೈಲು ಎಷ್ಟು ಗಂಟೆಗೆ ತಲುಪುತ್ತದೆ ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ತಪ್ಪಿಲ್ಲದೆ ಬಿಡಿಸುತ್ತೇನೆ. ಅಂಥವಳು ಎರಡನೇ ಹೆರಿಗೆಗೆ ಆಸ್ಪತ್ರೆಯನ್ನೇ ತಪ್ಪಿಸಿಕೊಂಡೆ.

ಮೊದಲನೆಯದಕ್ಕೆ ಹಾಗಾಗಿರಲಿಲ್ಲ. ಆಗ ಅತಿ ಮುಂಚೆ ಹೊರಟಿದ್ದೆ, ಅದೂ ಮೂರು ಸಲ. ಚೊಚ್ಚಲ ಬಾಣಂತನ ತವರಿನದು ತಾನೇ. ನನ್ನ ತವರು ಭದ್ರಾವತಿಯ ಹಳೇನಗರದಲ್ಲಿ, ಗಂಡನ ಮನೆ ಹೊಳೆ ದಾಟಿದರೆ ನ್ಯೂಟೌನಿನಲ್ಲಿ, ತೋರಿಸುತ್ತಿದ್ದ ಡಾಕ್ಟರು ಶಿವಮೊಗ್ಗದಲ್ಲಿ. ಸೊಂಟ ಚುಳ್ ಎಂದ ಕೂಡಲೇ ಅಪ್ಪ ಕಾರು ಕರೆಸಿದರು. ಅಮ್ಮ, ಚಿಕ್ಕಮ್ಮ, ಎರಡು ಫ್ಲಾಸ್ಕು, ನಾಲ್ಕು ದಿಂಬು, ನಡುವೆ ಎಲ್ಲೋ ನಾನು. ದಾರಿಯಲ್ಲಿ ಮಲವಗೊಪ್ಪ ಬರುವಷ್ಟರಲ್ಲಿ ನೋವು ಮಂಗಮಾಯ. “ಸುಳ್ಳು ನೋವು ಕಣಮ್ಮ, ಮನೆಗೆ ಹೋಗಿ ಆರಾಮಾಗಿರು” ಎಂದು ಡಾಕ್ಟರು ಕಳಿಸಿದರು. ಎರಡನೇ ಸಲವೂ ಅದೇ ಕಥೆ. ಮೂರನೇ ಸಲ ಆಸ್ಪತ್ರೆಯ ತನಕ ಹೋಗುವ ಕಷ್ಟವನ್ನೂ ತೆಗೆದುಕೊಳ್ಳದೆ ಮಲವಗೊಪ್ಪದಲ್ಲೇ ಕಾಫಿ ಕುಡಿದು ಹಿಂತಿರುಗಿದೆವು. “ನಮ್ಮ ಶಶಿಗೆ ಮಲವಗೊಪ್ಪ ಮುಟ್ಟಿದ್ರೆ ಸಾಕು, ಎಂಥ ನೋವಿದ್ರೂ ವಾಸಿ” ಎಂದು ಚಿಕ್ಕಮ್ಮ ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಹೇಳಿದಳು. ನಾಲ್ಕನೆಯದು ನಿಜವಾಯಿತು. ಅದರ ಬಗ್ಗೆ ಹೆಚ್ಚೇನೂ ಹೇಳುವಂಥದ್ದಿಲ್ಲ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು, ನಮ್ಮವರೆಂಬುವರೆಲ್ಲ ಆಚೆ ಉಳಿದರು. ಕೂಗಿದಾಗಲೆಲ್ಲ ನರ್ಸೊಬ್ಬರು “ಟೀಚರ್ ಆಗಿ ಹೀಗೆ ಕಿರುಚ್ತೀರಲ್ರೀ” ಎಂದು ಗದರುತ್ತಿದ್ದರು. ಹದಿನಾಲ್ಕು ಗಂಟೆಯ ಮೇಲೆ ಮಗಳು ಚಿನ್ನು ಹುಟ್ಟಿದಳು, ಆಚೆ ಎಲ್ಲರೂ ಪೇಡ ತಿಂದರು.

ಐದು ವರ್ಷದ ಮೇಲೆ ಎರಡನೆಯದು. ಎರಡನೇ ಬಾಣಂತನ ಗಂಡನ ಮನೆಯದಾದ್ದರಿಂದ ಅತ್ತೆ ಅದನ್ನು ಮನೆತನದ ಮರ್ಯಾದೆಯ ಪ್ರಶ್ನೆ ಮಾಡಿಕೊಂಡರು. ಏಳನೇ ತಿಂಗಳಿಗೇ ಬಾಣಂತಿ ಖಾರದ ಸಾಮಾನು ಹುರಿದು ಡಬ್ಬಿ ಸೇರಿತು. ಹಳೇ ಹತ್ತಿ ಸೀರೆಗಳು ಒಗೆಸಿಕೊಂಡು, ಹರಿಸಿಕೊಂಡು, ಮಗುವಿನ ಬಟ್ಟೆಗಳಾಗಿ ಬ್ಯಾಗಿನಲ್ಲಿ ಕೂತವು. ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟಿರುವ ನಮ್ಮವರು ಮೂರು ವಾರ ಮೊದಲೇ ಸ್ನೇಹಿತನ ಕಾರನ್ನು ಕೇಳಿ ತಂದು ಗೇಟಿನ ಮುಂದೆ ನಿಲ್ಲಿಸಿ, ದಿನಕ್ಕೆರಡು ಬಾರಿ ಸ್ಟಾರ್ಟ್ ಮಾಡಿ, ಕಿವಿಗೊಟ್ಟು ಕೇಳಿ, ಆಫ್ ಮಾಡುತ್ತಿದ್ದರು. ನನ್ನ ಷರತ್ತು ಒಂದೇ ಇತ್ತು. “ಈ ಸಲ ನಂಗೆ ಗ್ಯಾರಂಟಿ ಆದ್ಮೇಲೇ ಹೊರಡೋದು. ಮಲವಗೊಪ್ಪದಲ್ಲಿ ಇನ್ನೊಂದ್ಸಲ ನಗೆಪಾಟಲಾಗಕ್ಕೆ ನಾನು ತಯಾರಿಲ್ಲ” ಎಂದು ಎಲ್ಲರ ಎದುರಿಗೆ ಹೇಳಿಬಿಟ್ಟಿದ್ದೆ. ಹೆಂಗಸಿನ ಮಾನದ ವಿಷಯ, ಎಲ್ಲರೂ ಒಪ್ಪಿಕೊಂಡರು.

ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಒಂಬತ್ತು ದಿನ ಇದ್ದಾಗ, ಒಂದು ಭಾನುವಾರ ಬೆಳಿಗ್ಗೆ ಕಾಫಿ ಸೋಸುತ್ತಿರುವಾಗ ಸೊಂಟ ಹಿಡಿದುಕೊಂಡಿತು. ನಾನು ಬಾಯಿ ಬಿಡಲಿಲ್ಲ. ಕಾಫಿ ಕೊಟ್ಟೆ, ಪೊರಕೆ ತೆಗೆದುಕೊಂಡೆ. ನಡುಮನೆ ಗುಡಿಸುವಾಗ ಮತ್ತೆ ಬಂತು. ಗಡಿಯಾರ ನೋಡಿದೆ, ಹನ್ನೊಂದು ನಿಮಿಷ. ರೂಮು ಗುಡಿಸುವಾಗ ಒಂಬತ್ತು. ಹನ್ನೊಂದರಿಂದ ಒಂಬತ್ತಕ್ಕೆ ಇಳಿಯುವ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಎಂಟನೇ ಕ್ಲಾಸಿನ ಹುಡುಗರೂ ಹೇಳಿಯಾರು. ನಾನು ಬಕೆಟ್ಟಿಗೆ ನೀರು ತುಂಬಿಸಿದೆ. ಕೈಯಲ್ಲಿ ಒರೆಸುವ ಬಟ್ಟೆ ಕಂಡು ಅತ್ತೆಗೆ ಸಂತೋಷವೇ ಆಯಿತು. “ಒರೆಸು ಒರೆಸು, ಬಗ್ಗಿ ಒರೆಸಿದ್ರೆ ಹೆರಿಗೆ ಸಲೀಸು” ಎಂದು ಹೇಳಿ ಪೂಜೆಗೆ ಕೂತರು. ಚಿನ್ನು ರೂಮಿನಲ್ಲಿ ಬಣ್ಣದ ಪೆನ್ಸಿಲು ಹರಡಿಕೊಂಡಿದ್ದಳು. ನಡುಮನೆ ಮುಗಿಸುವ ಹೊತ್ತಿಗೆ ಆರು ನಿಮಿಷಕ್ಕೆ ಬಂತು. ಕಿಟಕಿಯ ಚೌಕಟ್ಟು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದೆ.

“ಏನೇ, ಕಿಟಕಿ ಹಿಡ್ಕೊಂಡು ನಿಂತಿದೀಯ?” ನಮ್ಮವರು ಪೇಪರಿನಿಂದ ತಲೆಯೆತ್ತಿದರು.

“ಆಚೆ ನೋಡ್ತಿದೀನಿ.”

“ಕಿಟಕಿ ಹಾಕಿದೆ ಕಣೆ.”

ಅಲ್ಲಿಗೆ ಗುಟ್ಟು ರಟ್ಟಾಯಿತು. ಅವರು ಒಂದೇ ಉಸಿರಿಗೆ ಬ್ಯಾಗು, ಫ್ಲಾಸ್ಕು, ಫೈಲು, ದಿಂಬು, ಬೆಡ್‌ಶೀಟು, ಮಗುವಿನ ಬಟ್ಟೆ, ಕೊನೆಗೆ ನನ್ನ ಚಪ್ಪಲಿ ಸಹಿತ ಎಲ್ಲವನ್ನೂ ಕಾರಿಗೆ ತುಂಬಿದರು. ನಾನೊಬ್ಬಳು ಬಾಕಿ. ಅತ್ತೆ ಪೂಜೆ ಅರ್ಧಕ್ಕೆ ಬಿಟ್ಟು ಎದ್ದು ಬಂದು, “ಬಕೆಟ್ ಇಡೇ ಮಾರಾಯ್ತಿ, ಹೊರಡು” ಎಂದರು. “ಅಡುಗೆಮನೆ ಒಂದು ಬಾಕಿ ಇದೆ ಅತ್ತೆ. ನಾನು ಹೊರಟ್ಮೇಲೆ ನೀವು ಗುಡಿಸೋ ಹಾಗಿಲ್ಲ, ಒರೆಸೋ ಹಾಗಿಲ್ಲ. ಮೂರು ದಿನ ಹಾಗೇ ಇರಬೇಕಾ?” ಎಂದೆ. ತಮ್ಮ ಶಾಸ್ತ್ರ ತಮಗೇ ತಿರುಗಿದ್ದು ಕಂಡು ಅವರು ದೇವರ ಮನೆಯ ಕಡೆ ನೋಡಿದರು. ಅಷ್ಟರಲ್ಲಿ ನಮ್ಮವರಿಗೆ ಒಂದು ಸತ್ಯ ಹೊಳೆಯಿತು. ಮೂರು ವಾರ ದಿನಕ್ಕೆರಡು ಸಲ ಸ್ಟಾರ್ಟ್ ಮಾಡಿದ ಕಾರು ಶಿವಮೊಗ್ಗಕ್ಕೆ ಬೆನ್ನು ಹಾಕಿ ಶಂಕರಘಟ್ಟದ ಕಡೆಗೆ ಮುಖ ಮಾಡಿ ನಿಂತಿತ್ತು. ನಮ್ಮ ಬೀದಿಯಲ್ಲಿ ಕಾರು ತಿರುಗುವುದಿಲ್ಲ. ಬೀದಿಯ ಕೊನೆಗೆ ಹೋಗಿ ಮೈದಾನ ಸುತ್ತಿಕೊಂಡು ಬರಬೇಕು. “ಐದೇ ನಿಮಿಷ, ತಿರುಗಿಸ್ಕೊಂಡು ಬರ್ತೀನಿ, ಅಷ್ಟರಲ್ಲಿ ಒರೆಸಿ ಮುಗಿಸು” ಎಂದು ಹೋದರು. ಮೈದಾನದಲ್ಲಿ ಭಾನುವಾರದ ಕ್ರಿಕೆಟ್ಟು ನಡೆದಿತ್ತು, ದಾರಿಗೆ ಅಡ್ಡ ಬೈಕುಗಳನ್ನು ಸಾಲಾಗಿ ನಿಲ್ಲಿಸಿದ್ದರು ಎಂಬುದು ನಮಗೆ ಆಮೇಲೆ ತಿಳಿಯಿತು.

ನಾನು ಬಕೆಟ್ಟು ಎತ್ತಿಕೊಂಡು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟೆ. ನೆಲದ ತುಂಬ ನೀರು. ಬಕೆಟ್ಟು ಚೆಲ್ಲಿತು, ಒರೆಸಿದ್ದೆಲ್ಲ ಹಾಳಾಯಿತಲ್ಲ ಎಂದು ನನಗೆ ಸಿಟ್ಟೇ ಬಂತು. ನೋಡಿದರೆ ಬಕೆಟ್ಟು ತುಂಬಿದ್ದು ತುಂಬಿದಂತೆಯೇ ಇದೆ. ಹಾಗಾದರೆ ನೀರು ಎಲ್ಲಿಯದು ಎಂದು ಅರ್ಥವಾಗುವಷ್ಟರಲ್ಲಿ ಮತ್ತೆ ನೋವು ಬಂದು ಅಲ್ಲೇ ಕೂತೆ. “ಚಿನ್ನೂ, ಓಡೇ, ಪಕ್ಕದ ಮನೆ ಸೆಲ್ವಮ್ಮಜ್ಜೀನ ಕರಿ!” ಎಂದು ಅತ್ತೆ ಕೂಗಿದರು. ಮಗಳು ರೂಮಿನ ಹೊಸ್ತಿಲಲ್ಲಿ ಬಂದು ನಿಂತವಳು ನಿಂತೇ ಇದ್ದಳು. “ಅಮ್ಮ, ನೆಲ ಇನ್ನೂ ಒಣಗಿಲ್ಲ” ಎಂದಳು. ತಪ್ಪು ಅವಳದಲ್ಲ. ಒರೆಸಿದ ನೆಲ ಒಣಗುವ ತನಕ ಕಾಲಿಡಕೂಡದು ಎಂದು ಅವಳಿಗೆ ನಡೆಯಲು ಬಂದ ದಿನದಿಂದ ಬೈದು ಕಲಿಸಿದವಳು ನಾನೇ. ನನ್ನ ಪಾಠಗಳನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ವಿದ್ಯಾರ್ಥಿ ಬೇರೊಬ್ಬರಿಲ್ಲ. “ಕಾಲಿಡೇ, ಪರವಾಗಿಲ್ಲ!” ಎಂದು ನಾನು ಅರಚಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಕೊನೆಗೆ ರೂಮಿನ ಕಿಟಕಿ ಹತ್ತಿ, “ಸೆಲ್ವಮ್ಮಜ್ಜೀ, ನಮ್ಮಮ್ಮ ಒದ್ದೆ ನೆಲದ ಮೇಲೆ ಕೂತ್ಕೊಂಡ್ಬಿಟ್ಟಿದಾಳೆ!” ಎಂದು ದೂರು ಕೊಟ್ಟಳು.

ಸೆಲ್ವಮ್ಮ ಕಾರ್ಖಾನೆಯ ಆಸ್ಪತ್ರೆಯಲ್ಲಿ ಬಹಳ ವರ್ಷ ಆಯಾ ಆಗಿದ್ದು ರಿಟೈರ್ ಆದವರು. ಮನೆಮಾತು ತಮಿಳು, ಬೀದಿಯ ಜಗಳಗಳೆಲ್ಲ ಕನ್ನಡದಲ್ಲಿ. ಬಂದರು, ಒಂದು ಸಲ ನೋಡಿದರು, ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದರು. “ಯಾರೂ ಓಡಾಡ್ಬೇಡಿ. ಟೀಚರಮ್ಮ, ಇನ್ನು ಎಲ್ಲಿಗೂ ಹೋಗಕ್ಕಾಗಲ್ಲ, ಮಗು ಇಲ್ಲೇ ಬರ್ತದೆ. ನೂರಾ ಎಂಟಕ್ಕೆ ಫೋನ್ ಮಾಡಿದೀನಿ, ನರ್ಸ್ ಬರ್ತಾಳೆ” ಎಂದರು. ಬೆನ್ನ ಹಿಂದೆ ಅತ್ತೆ ಕೂತು ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ನೋವು ಬಂದಾಗ ನಾನು ತುಟಿ ಕಚ್ಚಿದೆ. “ಯಾಕೆ ಬಾಯಿ ಮುಚ್ಕೊಂಡಿದೀಯ ಕಣ್ಣು? ಕೂಗು! ನಿನ್ನ ಮನೆ, ನಿನ್ನ ಮಗು, ಯಾರು ಕೇಳ್ತಾರೆ?” ಎಂದರು ಸೆಲ್ವಮ್ಮ. ನಾನು ಕೂಗಿದೆ. ಐದು ವರ್ಷದಿಂದ ಬಾಕಿ ಇದ್ದದ್ದನ್ನೂ ಸೇರಿಸಿ ಕೂಗಿದೆ. ಮೈದಾನದಲ್ಲಿ ಆಟ ಒಂದು ಕ್ಷಣ ನಿಂತಿತ್ತಂತೆ.

ಮಗು ಬಂತು, ಆದರೆ ಅಳಲಿಲ್ಲ. ಸೆಲ್ವಮ್ಮ ಅದನ್ನು ಬಟ್ಟೆಯಲ್ಲಿ ಹಿಡಿದು ಬೆನ್ನು ಉಜ್ಜತೊಡಗಿದರು. ಅಭ್ಯಾಸಬಲ, ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು. ನೆಲದ ಹುಚ್ಚಿಗೆ ಮಗುವನ್ನು ಕಳೆದುಕೊಂಡೆನೇ ಎಂದು ಆಗ ಹೆದರಿದಷ್ಟು ನಾನು ಬದುಕಿನಲ್ಲಿ ಎಂದೂ ಹೆದರಿಲ್ಲ. ಎಣಿಕೆ ಏಳಕ್ಕೆ ಬಂದಾಗ ಅವನು ಅತ್ತ. ನಾವು ಮೂವರು ಹೆಂಗಸರೂ ಅವನ ಜೊತೆಗೇ ಅತ್ತೆವು. ಮಗುವಿನ ಬಟ್ಟೆಯೆಲ್ಲ ಕಾರಿನಲ್ಲಿ ಮೈದಾನ ಸುತ್ತುತ್ತಿದ್ದರಿಂದ, ಒಗೆದು ಮಡಿಸಿಟ್ಟಿದ್ದ ನಮ್ಮವರ ಪಂಚೆಯೇ ಅವನ ಮೊದಲ ಉಡುಪಾಯಿತು. ಹೊಕ್ಕುಳಬಳ್ಳಿಗೆ ಯಾರೂ ಕೈ ಹಚ್ಚಕೂಡದು, ನರ್ಸೇ ಬರಲಿ ಎಂದು ಸೆಲ್ವಮ್ಮ ಹಾಗೇ ನನ್ನ ಎದೆಯ ಮೇಲೆ ಮಲಗಿಸಿದರು. ಆ ಹೊತ್ತಿಗೆ ಗೇಟಿನ ಹತ್ತಿರ ಹಾರ್ನು ಕೇಳಿಸಿತು. “ಶಶೀ, ಇನ್ನೂ ಒರೆಸ್ತಾನೇ ಇದೀಯಾ?” ಎನ್ನುತ್ತ ನಮ್ಮವರು ಒಳಗೆ ಬಂದರು. ನೋಡಿದರು. ಹೊಸ್ತಿಲ ಮೇಲೆ ಕೂತುಬಿಟ್ಟರು.

ಆಂಬುಲೆನ್ಸಿನ ನರ್ಸು ಬಳ್ಳಿ ಕತ್ತರಿಸಿ, ನಮ್ಮೆಲ್ಲರಿಗೂ ಸಮನಾಗಿ ಬೈದು, ತಾಯಿ ಮಗು ಇಬ್ಬರನ್ನೂ ಹತ್ತಿಸಿಕೊಂಡರು. ಯಾರೂ ಕೇಳುವ ಮೊದಲೇ ಅತ್ತೆ ಹತ್ತಿ ಕೂತಿದ್ದರು, ಚಿನ್ನು ಸೆಲ್ವಮ್ಮನ ಹತ್ತಿರ ಉಳಿದಳು. ಮಲವಗೊಪ್ಪ ಬಂದಾಗ ನಾನು ಕಿಟಕಿಯಲ್ಲಿ ಇಣುಕಿದೆ. ಹಿಂದೆ ಖಾಲಿ ಕಾರಿನಲ್ಲಿ ನಮ್ಮವರು ದಿಂಬುಗಳೊಂದಿಗೆ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ, ಪುಣ್ಯಕ್ಕೆ ಎಲ್ಲ ಸರಿಯಾಗಿದೆ ಎಂದು ಹೇಳಿ, “ನೋವು ಶುರುವಾದ್ಮೇಲೆ ಏನು ಮಾಡ್ತಿದ್ರಿ?” ಎಂದು ಕೇಳಿದರು. ನೆಲ ಒರೆಸುತ್ತಿದ್ದೆ ಎಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಬೈಯಲು ಶುರುಮಾಡಿದರು. ಬೈದದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಮೂರನೇ ದಿನ ಮನೆಗೆ ಬಂದು, ಆರತಿ ಎತ್ತಿಸಿಕೊಂಡು ಒಳಗೆ ಕಾಲಿಟ್ಟರೆ ಎಲ್ಲ ಇದ್ದ ಹಾಗೇ ಇತ್ತು. ರಕ್ತದ ಕಲೆಗಳನ್ನಷ್ಟೇ ಸೆಲ್ವಮ್ಮ ತೊಳೆದಿದ್ದರು. ಮಿಕ್ಕದ್ದಕ್ಕೆ ಪೊರಕೆ ಸೋಕಿರಲಿಲ್ಲ. ಬಕೆಟ್ಟು ಅಡುಗೆಮನೆಯ ಬಾಗಿಲಲ್ಲಿ, ಅದರ ಅಂಚಿನಲ್ಲಿ ಒರೆಸುವ ಬಟ್ಟೆ ಒಣಗಿ ಹಪ್ಪಳವಾಗಿತ್ತು. ನನ್ನ ಕೈ ತಾನಾಗಿ ಅದರ ಕಡೆ ಹೋಯಿತು. ಅತ್ತೆ ಕೈಯ ಮೇಲೆ ಒಂದು ಏಟು ಕೊಟ್ಟರು. “ಅರ್ಧ ನೀನು ಒರೆಸಿದ್ದೀಯ, ಇನ್ನರ್ಧ ನಾನು ಒರೆಸ್ತೀನಿ. ಹೋಗಿ ಮಲಗು” ಎಂದರು. ಆಮೇಲೆ ದನಿ ಇಳಿಸಿ, “ಹೆದರಿಕೆ ಆಗಿತ್ತು ಅಂತ ಬಾಯಿಬಿಟ್ಟು ಹೇಳಿದ್ರೆ ಆಸ್ಪತ್ರೇಲಿ ನಾನೇ ನಿನ್ನ ಜೊತೆ ಒಳಗೆ ಬಂದು ನಿಲ್ತಿದ್ನಲ್ಲೇ, ಯಾರು ತಡೀತಿದ್ರು?” ಎಂದರು.

ನಾನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದೆ. ಮಲವಗೊಪ್ಪವೂ ಸುಳ್ಳು, ನಗೆಪಾಟಲೂ ಸುಳ್ಳು, ಕಸದ ಶಾಸ್ತ್ರವೂ ಸುಳ್ಳು. ಆಸ್ಪತ್ರೆಯ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದಲ್ಲ ಎಂದು ಹೆದರಿ ನಾನು ನೆಲ ಒರೆಸುತ್ತ ಕೂತಿದ್ದೆ. ನನಗೇ ನಾನು ಹೇಳಿಕೊಳ್ಳದ ಸಂಗತಿ ಅದು; ಪೂಜೆಗೆ ಕೂತಿದ್ದ ಅತ್ತೆಗೆ ಹೇಗೆ ತಿಳಿಯಿತೋ ಕಾಣೆ.

ಮಗನಿಗೆ ಈಗ ನಾಲ್ಕು ವರ್ಷ. ಈ ದಿನ ಬೆಳಿಗ್ಗೆ ಅತ್ತೆಗೆ ಶಿವಮೊಗ್ಗದಲ್ಲಿ ಕಣ್ಣಿನ ಪೊರೆಯ ಆಪರೇಷನ್ನು, ಒಂಬತ್ತಕ್ಕೆ ಅಲ್ಲಿರಬೇಕು. ಎಂಟೂಕಾಲಿಗೆ ನೋಡಿದರೆ ಅವರು ಅಡುಗೆಮನೆಯ ನೆಲದಲ್ಲಿ ಕೂತು, ದೇವರ ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಸುತ್ತ ಹರಡಿಕೊಂಡು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಾರೆ. “ಒಂದೇ ನಿಮಿಷ ಕಣೆ” ಎಂದರು, ತಲೆಯೆತ್ತದೆ. ಆಚೆಯಿಂದ ನಮ್ಮವರು, “ಕಾರು ನಿನ್ನೇನೇ ತಿರುಗಿಸಿ ನಿಲ್ಸಿದೀನಿ, ಬನ್ನಿ” ಎಂದು ಕೂಗಿದರು. ಬೈಯಬೇಕೆಂದು ಬಂದವಳು ನಾನು. ಕೂತು ದೀಪದ ಕಂಬವನ್ನು ಕೈಗೆ ತೆಗೆದುಕೊಂಡೆ.

“ಅತ್ತೆ, ನಾನೂ ನಿಮ್ಮ ಜೊತೆ ಒಳಗೆ ಬರ್ತೀನಿ” ಎಂದೆ.

ಅವರು ತಲೆಯೆತ್ತಿದರು. “ಬಾ. ಮೊದ್ಲು ಆ ಕಂಬದ ಬುಡ ನೋಡು, ಇನ್ನೂ ಕಪ್ಪಿದೆ” ಎಂದರು.

ಇಬ್ಬರೂ ಸೇರಿ ಉಜ್ಜಿದೆವು, ತೊಳೆದೆವು, ಅವರನ್ನು ಕೈಹಿಡಿದು ಎಬ್ಬಿಸಿದೆ. ಹಾರ್ನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹೊರಡುವುದೊಂದೇ ಬಾಕಿ. ತಿರುಗಿ ನೋಡಿದರೆ ಪಾತ್ರೆ ತೊಳೆದ ನೀರು ಅಡುಗೆಮನೆಯ ತುಂಬ ಹರಿದಿದೆ. ಅದನ್ನು ಹಾಗೇ ಬಿಟ್ಟು ಹೊರಡುವುದಾದರೂ ಹೇಗೆ, ನೀವೇ ಹೇಳಿ.