ಹಂದಿ ತಿಂದ ಕೆಸು ಆಕ್ಲೆಂಡ್ ತಲುಪಿದ್ದು

ಇನ್ನು ಮುಂದೆ ತನ್ನ ಹೊಲದಲ್ಲಿ ತನಗೆ ತಿಳಿಯದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡಕೂಡದು ಎಂದು ಇನೋಕೆ ತೀರ್ಮಾನಿಸಿದ. ಇದು ಸಣ್ಣ ತೀರ್ಮಾನವಲ್ಲ. ತವೆಯುನಿ ದ್ವೀಪದ ದಕ್ಷಿಣದ ಇಳಿಜಾರಿನಲ್ಲಿ ಅವನ ಹಿರಿಯರೆಲ್ಲ ಮಣ್ಣನ್ನು ಕಾಲಿನಿಂದ ತುಳಿದು, ಆಕಾಶವನ್ನು ಕಣ್ಣಿನಿಂದ ನೋಡಿ ಕೆಸು ಬೆಳೆದಿದ್ದರು. ಇನೋಕೆ ಮಾತ್ರ ಎರಡನ್ನೂ ಫೋನಿನಲ್ಲಿ ನೋಡುವವನಿದ್ದ.

ಕೆಸುವಿನ ಗಡ್ಡೆಯನ್ನು ನ್ಯೂಜಿಲೆಂಡಿಗೆ ಕಳಿಸುವ ಕಂಪನಿಯೊಂದು ಹೊಸ ಆ್ಯಪ್ ತಂದಿತ್ತು. ಫೋನು ಹಿಡಿದು ಹೊಲದ ಸುತ್ತ ಒಮ್ಮೆ ನಡೆದರೆ ಹೊಲದ ನಕ್ಷೆ ಅದರೊಳಗೆ ಹೋಗಿ ಕೂರುತ್ತಿತ್ತು. ಮಣ್ಣಿನಲ್ಲಿ ಕಂಪನಿಯವರು ನೆಟ್ಟ ಕೋಲೊಂದು ತೇವ ಎಷ್ಟಿದೆ ಎಂದು ಗಂಟೆಗೊಮ್ಮೆ ವರದಿ ಒಪ್ಪಿಸುತ್ತಿತ್ತು. ಕಿತ್ತ ಗಡ್ಡೆಗಳನ್ನು ತೊಳೆದು, ಐದೈದರಂತೆ ಬಲೆಚೀಲಕ್ಕೆ ಹಾಕಿ, ಪ್ರತಿ ಚೀಲಕ್ಕೂ ಒಂದು ಚೀಟಿ ಅಂಟಿಸುತ್ತಿದ್ದರು. ಆ ಚೀಟಿಯ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಸಾಕು, ಬೆಳೆದವನ ಹೆಸರು, ಭಾವಚಿತ್ರ, ಗಡ್ಡೆ ಕಿತ್ತ ತಾರೀಖು ಎಲ್ಲವೂ ಕೊಂಡವರ ಕಣ್ಣಮುಂದೆ!

ಭಾವಚಿತ್ರವನ್ನು ಇನೋಕೆ ಬಹಳ ಶ್ರದ್ಧೆಯಿಂದ ತೆಗೆಸಿಕೊಂಡ. ಭಾನುವಾರ ಚರ್ಚಿಗೆ ತೊಡುವ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಕೆಸುವಿನ ಎಲೆಗಳ ನಡುವೆ ನಿಂತ. ಹೆಂಡತಿ ವಾಸಿತಿ ಹದಿನೇಳು ಸಲ ಚಿತ್ರ ತೆಗೆದಳು. ಹದಿನೆಂಟನೆಯದಕ್ಕೆ ಅವನು ಮತ್ತೆ ಬಾಚಣಿಗೆ ಕೇಳಿದಾಗ ಅವಳು ಫೋನನ್ನು ಅವನ ಕೈಗಿಟ್ಟು, "ಕೊಳ್ಳೋರು ಗಡ್ಡೆ ಬೇಯಿಸ್ತಾರೆ, ನಿನ್ನನ್ನಲ್ಲ" ಎಂದು ಒಳಗೆ ಹೋದಳು. ಚಿತ್ರದ ಕೆಳಗೆ ರೈತ ತನ್ನ ಹೊಲದ ಬಗ್ಗೆ ಒಂದು ಮಾತು ಬರೆಯಬೇಕಿತ್ತು. ಇನೋಕೆ ಎರಡು ಸಂಜೆ ಯೋಚಿಸಿ ಬರೆದ: "ನನ್ನ ಬೇಲಿ ದಾಟಿದ ಕಾಡುಹಂದಿ ಈವರೆಗೆ ಹುಟ್ಟಿಲ್ಲ."

ಇದಾಗಿ ಕೆಲವು ತಿಂಗಳಿಗೆ ವಾಸಿತಿಯ ತಂದೆ ತೀರಿಕೊಂಡರು.

ದ್ವೀಪದ ಆಚೆ ಬದಿಯಲ್ಲಿ ಅವರ ಊರು. ಇನೋಕೆಗೆ ಮೊದಲ ಬಾರಿ ಕೆಸುವಿನ ಕಂದು ಕೊಟ್ಟವರು ಆ ಮಾವ. ಮದುವೆಯಾದ ಹೊಸದರಲ್ಲಿ ಅವನ ಹೊಲ ಬರೀ ಕಲ್ಲಾಗಿದ್ದಾಗ, ಮುದುಕ ಬೆನ್ನ ಮೇಲೆ ಒಂದು ಮೂಟೆ ಕಂದು ಹೊತ್ತು ಗುಡ್ಡ ದಾಟಿ ಬಂದು, ಮೂರು ದಿನ ಇದ್ದು, ಜೊತೆಗೆ ನಿಂತು ನೆಟ್ಟುಹೋಗಿದ್ದರು. ಮೇಲಿನ ಹೊಲದ ಕೆಸುವೆಲ್ಲ ಆ ಕಂದುಗಳ ಸಂತಾನ. ಅದಕ್ಕೇ ಮಣ್ಣು ಮಾಡಿದ ದಿನ ಇನೋಕೆ ಎಲ್ಲರೆದುರು ಎದ್ದು ನಿಂತು, ನೂರನೇ ದಿನದ ಊಟಕ್ಕೆ ಅಳಿಯನ ಮನೆಯಿಂದ ಇನ್ನೂರು ಗಡ್ಡೆ ಬರುತ್ತವೆ, ಅವು ಮಾವನ ಕಂದಿನಿಂದಲೇ ಬೆಳೆದ ಗಡ್ಡೆಗಳು ಎಂದು ಮಾತು ಕೊಟ್ಟ. ಹೆಂಗಸರು ಅತ್ತರು. ವಾಸಿತಿ ತಲೆಯೆತ್ತಿ ಅವನನ್ನು ನೋಡಿದಳು. ಹಿರಿಯ ಮಗಳು ಅವಳು. ನೂರನೇ ದಿನ ಮನೆಯವರೆಲ್ಲ ಶೋಕದ ಕಪ್ಪು ಬಟ್ಟೆ ಕಳಚುವಾಗ, ಗಂಡನ ಮನೆಯಿಂದ ಏನು ಬಂತು ಎಂಬುದರ ಮೇಲೆ ಬಂಧುಗಳ ನಡುವೆ ಅವಳ ತಲೆ ನಿಲ್ಲಬೇಕಿತ್ತು.

ಆ ಮೇಲೆ ವಾಸಿತಿ ತಾಯಿಯ ಜೊತೆಗಿರಲು ತವರಿನಲ್ಲೇ ಉಳಿದಳು. ಇನೋಕೆ ಒಬ್ಬನೇ ಮನೆಯಲ್ಲಿ, ಜೊತೆಗೆ ಫೋನು.

ಆ್ಯಪಿನಲ್ಲಿ ದ್ವೀಪದ ಬೆಳೆಗಾರರ ಒಂದು ಪಟ್ಟಿ ಇತ್ತು. ಇನೋಕೆ ಎರಡನೆಯವನು. ಮೊದಲನೆಯವನು ಪಕ್ಕದ ಊರಿನವನು, ಶಾಲೆಯಲ್ಲಿ ಇವನ ಲೆಕ್ಕ ನೋಡಿ ಬರೆಯುತ್ತಿದ್ದವನು. ಇನೋಕೆ ಬೆಳಿಗ್ಗೆ ಎದ್ದು ಪಟ್ಟಿ ನೋಡುತ್ತಿದ್ದ, ಉಂಡು ನೋಡುತ್ತಿದ್ದ, ಪ್ರಾರ್ಥನೆಗೆ ಕಣ್ಣು ಮುಚ್ಚುವ ಮೊದಲು ನೋಡುತ್ತಿದ್ದ. ಒಂದು ಮಂಗಳವಾರ ಫೋನು ಟಿಂಗ್ ಎಂದಿತು. ಈ ವಾರದ ಹಡಗಿಗೆ ಇನ್ನೂ ಇನ್ನೂರು ಮೊದಲ ದರ್ಜೆಯ ಗಡ್ಡೆ ಕಳಿಸಿದರೆ ನೀವೇ ಪಟ್ಟಿಯ ಮೊದಲಿಗರು!

ಮೇಲಿನ ಹೊಲದಲ್ಲಿ ಇನ್ನೂರ ಹತ್ತು ಗಡ್ಡೆ ಇದ್ದವು.

ಇನೋಕೆ ಕೆಟ್ಟವನಲ್ಲ. ಅವನೊಂದು ಲೆಕ್ಕ ಹಾಕಿದ. ನೂರನೇ ದಿನಕ್ಕೆ ಇನ್ನೂ ಮೂರೂವರೆ ವಾರ ಇದೆ. ಕೆಸುವಿಗೆ ಈ ಗುಡ್ಡದಲ್ಲಿ ಬರವೇ? ನೆರೆಯವರಿಂದ ಇನ್ನೂರು ಗಡ್ಡೆ ಕೊಂಡುಕೊಂಡರಾಯಿತು. ಮಾವನ ಕಂದೋ ಮತ್ತೊಬ್ಬರ ಕಂದೋ, ಬೆಂದ ಮೇಲೆ ಯಾರಿಗೆ ಗೊತ್ತಾಗುತ್ತದೆ? ಬುಧವಾರ ಕಿತ್ತ, ತೊಳೆದ, ಕಳಿಸಿದ. ಗುರುವಾರ ಬೆಳಿಗ್ಗೆ ಪಟ್ಟಿಯ ತುದಿಯಲ್ಲಿ ಅವನ ಹದಿನೇಳನೆಯ ಚಿತ್ರ ನಗುತ್ತಿತ್ತು.

ಮಧ್ಯಾಹ್ನ ಅವನು ನೆರೆಹೊರೆಗೆ ಕೆಸು ಕೇಳಲು ಹೊರಟ. ಮೊದಲ ಮನೆಯಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಇರಲಿಲ್ಲ. ಹತ್ತನೆಯ ಮನೆಯಲ್ಲಿ ವಿಷಯ ತಿಳಿಯಿತು. ಮಂಗಳವಾರ ಗುಡ್ಡದ ಪ್ರತಿ ಮನೆಯಲ್ಲೂ ಫೋನು ಟಿಂಗ್ ಎಂದಿತ್ತು. ಬಲಿತ ಕೆಸುವೆಲ್ಲ ಹಡಗು ಹತ್ತಿತ್ತು. ಕೆಸು ಬೆಳೆಯುವ ಗುಡ್ಡದಲ್ಲಿ ಅಂದು ರಾತ್ರಿ ಹೆಚ್ಚಿನ ಮನೆಗಳಲ್ಲಿ ಅಂಗಡಿಯ ಅಕ್ಕಿಯ ಅನ್ನ.

ಭಾನುವಾರ ಚರ್ಚು ಬಿಟ್ಟ ಮೇಲೆ ವಾಸಿತಿಯ ತಮ್ಮ ತೋಮಾಸಿ ಬಂದ. ಅಲ್ಲಿ ಭಾವ ಮೈದುನರೆಂದರೆ ಎದುರಾದಾಗಲೆಲ್ಲ ಒಬ್ಬರನ್ನೊಬ್ಬರು ಗೇಲಿ ಮಾಡಲೇಬೇಕು, ಬಿಟ್ಟರೆ ಸಿಟ್ಟು ಬಂದಿದೆ ಎಂದು ಅರ್ಥ. ತೋಮಾಸಿ, ಬೇರು ಅರೆದು ಕುಡಿಯುವ ಕಾವಾದ ಬಟ್ಟಲು ಖಾಲಿ ಮಾಡಿ, ಇನೋಕೆಯ ಹೊಟ್ಟೆ ಕೆಸುವಿಗಿಂತ ಚೆನ್ನಾಗಿ ಬೆಳೆದಿದೆ ಎಂದು ಮೆಚ್ಚಿ, ಕೊನೆಗೆ ಗಡ್ಡೆಗಳ ವಿಷಯ ಕೇಳಿದ.

ನಿಜ ಹೇಳಬಹುದಿತ್ತು. ಇನೋಕೆ ಬಾಯಿ ತೆರೆದದ್ದೂ ಅದಕ್ಕೇ. ಹೊರಗೆ ಬಂದದ್ದು ಬೇರೆ.

"ಹಂದಿ ನುಗ್ಗಿಬಿಟ್ವು, ತೋಮಾಸಿ. ಗುರುವಾರ ರಾತ್ರಿ. ಏನೂ ಉಳೀಲಿಲ್ಲ."

ತೋಮಾಸಿ ಬಟ್ಟಲು ಕೆಳಗಿಟ್ಟ. "ಎಷ್ಟು ಹಂದಿ?"

"ಏಳು."

"ಎಣಿಸಿದ್ಯಾ?"

"ಎಣಿಸಿದೆ."

"ಎಣಿಸೋಷ್ಟು ಹೊತ್ತಿತ್ತು, ಓಡಿಸೋಷ್ಟು ಹೊತ್ತಿರ್ಲಿಲ್ಲ. ಹೋಗ್ಲಿ ಬಿಡು ಭಾವ. ನಾಳೆ ನಾಯಿಗಳನ್ನ ತರ್ತೀನಿ. ಅಪ್ಪನ ಕೆಸು ತಿಂದ ಹಂದೀನ ಅಪ್ಪನ ಊಟಕ್ಕೇ ಹಾಕೋಣ."

ತೋಮಾಸಿಯನ್ನು ಕಳಿಸಿ ಇನೋಕೆ ಹಾರೆ ಹಿಡಿದು ಮೇಲಿನ ಹೊಲಕ್ಕೆ ಓಡಿದ. ಕತ್ತಲಾಗುವುದರೊಳಗೆ ಏಳು ಹಂದಿಗಳ ಕೆಲಸವನ್ನು ಅವನೊಬ್ಬನೇ ಮಾಡಬೇಕಿತ್ತು. ಸಾಲುಗಳನ್ನು ಕೆದರಿದ. ಉಳಿದಿದ್ದ ಹತ್ತು ಗಡ್ಡೆಗಳನ್ನೂ ಮನಸ್ಸು ಗಟ್ಟಿ ಮಾಡಿ ಜಜ್ಜಿದ. ಮುಂದಿನ ಬೆಳೆಗೆಂದು ಇಟ್ಟಿದ್ದ ಕಂದುಗಳನ್ನೂ ಬಿಡಲಿಲ್ಲ. ಹಂದಿ ಕಂದು ಬಿಟ್ಟಿತೆಂದರೆ ಯಾರು ನಂಬುತ್ತಾರೆ? ಮೊಣಕಾಲೂರಿ ಕೂತು ಎರಡು ಬೆರಳಿನಿಂದ ಒಂದೊಂದೇ ಗೊರಸಿನ ಗುರುತು ಮೂಡಿಸಿದ. ಅಷ್ಟರಲ್ಲಿ ಜೇಬಿನ ಫೋನು ಟಿಂಗ್ ಎಂದಿತು. ನಿಮ್ಮ ಹೊಲದ ಮಣ್ಣು ಅಸಹಜವಾಗಿ ಕದಡಿದೆ, ತಜ್ಞರ ಸಲಹೆ ಬೇಕೇ? ಇನೋಕೆ ಕೆಸರು ಬೆರಳಿನಿಂದ "ಬೇಡ" ಒತ್ತಿದ.

ಮರುದಿನ ತೋಮಾಸಿ ನಾಲ್ಕು ನಾಯಿ, ಆರು ಜನ, ಈಟಿಗಳೊಂದಿಗೆ ಬಂದ. ನಾಯಿಗಳು ಹೊಲವನ್ನೆಲ್ಲ ಮೂಸಿ, ಇನೋಕೆಯ ಕಾಲು ಮೂಸಿ, ಅಲ್ಲೇ ಮಲಗಿದವು. ಜನ ಮಾತ್ರ ಮೂರು ದಿನ ಕಾಡು ಅಲೆದರು. ಒಬ್ಬ ಜಾರಿ ಬಿದ್ದು ಕಾಲು ಉಳುಕಿಸಿಕೊಂಡ. ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿದವನು ಇನೋಕೆಯೇ. ಇಳಿಯುವ ದಾರಿಯುದ್ದಕ್ಕೂ ಬೆನ್ನ ಮೇಲಿದ್ದವನು ಅವನ ಕಿವಿಯಲ್ಲಿ, ನಿನ್ನ ಕಷ್ಟದ ಮುಂದೆ ನನ್ನ ಕಾಲೇನು ದೊಡ್ಡದಲ್ಲ ಅಣ್ಣ ಎಂದು ಸಮಾಧಾನ ಹೇಳುತ್ತಿದ್ದ. ಆಗಲೂ ನಿಜ ಹೇಳಬಹುದಿತ್ತು.

ಸುದ್ದಿ ಕೇಳಿ ವಾಸಿತಿ ಬಂದಳು. ಕೆದರಿದ ಹೊಲದ ಅಂಚಿನಲ್ಲಿ ಕಪ್ಪು ಬಟ್ಟೆಯಲ್ಲಿ ನಿಂತು ಬಹಳ ಹೊತ್ತು ನೋಡಿದಳು. "ಅಪ್ಪ ಹೊತ್ಕೊಂಡು ಬಂದಿದ್ದ ಕಂದು. ಒಂದೂ ಉಳೀಲಿಲ್ವಾ?" ಎಂದು ಕೇಳಿದಳು. ಇನೋಕೆ ತಲೆ ತಗ್ಗಿಸಿದ. ದುಃಖದಿಂದ ಎಂದು ಅವಳು ತಿಳಿದುಕೊಂಡಳು. ಅವನ ಬೆನ್ನು ಸವರಿದಳು. ಮುಂದೆ ಎಷ್ಟೋ ದಿನ ಇನೋಕೆಯ ನಿದ್ದೆ ಕೆಡಿಸಿದ್ದು ಆ ಕೈ.

ಅವಳ ತವರಿನ ಜನ ಸುಮ್ಮನೆ ಕೂರುವವರಲ್ಲ. ಆ ಬದಿಗೆ ಕಂಪನಿ ಇನ್ನೂ ಕಾಲಿಟ್ಟಿರಲಿಲ್ಲ, ಅವರ ಹಿತ್ತಲಲ್ಲಿ ಕೆಸು ಇತ್ತು. ಇಪ್ಪತ್ತು ಮನೆಯವರು ಮನೆಗೆ ಹತ್ತರಂತೆ ಗಡ್ಡೆ ಕಿತ್ತು, ದಂಟು ಸಹಿತ ಕಟ್ಟು ಕಟ್ಟಿ, ನೂರನೇ ದಿನದ ಹಿಂದಿನ ದಿನವೇ ಸದ್ದಿಲ್ಲದೆ ಇನೋಕೆಯ ಮನೆಗೆ ತಲುಪಿಸಿದರು. ಅಳಿಯ ಬರಿಗೈಯಲ್ಲಿ ಬಂದ ಎಂದಾಗಬಾರದು, ಹಿರಿಯ ಮಗಳ ತಲೆ ತಗ್ಗಬಾರದು. ಅವರು ಕೊಟ್ಟದ್ದನ್ನೇ ಅವರಿಗೆ ಒಪ್ಪಿಸಲು ಇನೋಕೆ ಲಾರಿ ಹತ್ತಿದ. ದಾರಿಯಲ್ಲಿ ವಾಸಿತಿ, ಇಂಥ ಜನ ಯಾರಿಗೆ ಸಿಗ್ತಾರೆ ಹೇಳು ಎಂದಳು. ಇನೋಕೆ ಕೆಸುವಿನ ಕಟ್ಟುಗಳ ಹಗ್ಗ ಬಿಗಿಮಾಡಿದ.

ನೂರನೇ ದಿನ ಎಲ್ಲವೂ ಸಾಂಗವಾಗಿ ನಡೆಯಿತು. ಇನೋಕೆ ಮಂಡಿಯೂರಿ ಕೆಸುವನ್ನು ಒಪ್ಪಿಸಿದ. ಮಾವನ ಕಡೆಯ ಹಿರಿಯರು, ಹಂದಿ ತಿಂದರೂ ಮಾತು ತಪ್ಪದ ಅಳಿಯ ಎಂದು ಹೊಗಳಿ ಸ್ವೀಕರಿಸಿದರು. ವಾಸಿತಿ ಎದುರಿನ ಚಾಪೆಯಲ್ಲಿ ನೆಟ್ಟಗೆ ಕೂತಿದ್ದಳು. ಇನ್ನು ಬಟ್ಟೆ ಬದಲಿಸುವುದೊಂದೇ ಬಾಕಿ ಎನ್ನುವಾಗ ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಕರೆ ಬಂತು.

ವಾಸಿತಿಯ ತಂಗಿ ಉನಾಯಿಸಿ ಅಲ್ಲಿ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು, ರಜೆ ಸಿಗದೆ ಬರಲಾಗಿರಲಿಲ್ಲ. ಆ ಊರಿನಲ್ಲಿ ಸಿಗ್ನಲ್ ಸಿಗುವುದು ಚರ್ಚಿನ ಮೆಟ್ಟಿಲ ಮೇಲೆ ಮಾತ್ರ. ಅಲ್ಲೇ ಕಂಬಕ್ಕೆ ಫೋನು ಕಟ್ಟಿ, ಊರಿಗೆ ಊರೇ ಅದರ ಮುಂದೆ ನೆರೆಯಿತು. ಉನಾಯಿಸಿ ಅಳುತ್ತಾ ನಗುತ್ತಿದ್ದಳು.

"ಅಕ್ಕಾ, ಇಲ್ಲಿ ನೋಡು. ಅಪ್ಪನ ದಿನ ಅಂತ ನಾನೂ ಕೆಸು ಬೇಯಿಸೋಣ ಅಂತ ಸಂತೆಗೆ ಹೋದೆ. ಚೀಟಿಗೆ ಫೋನ್ ಹಿಡಿದ್ರೆ ಯಾರು ಬಂದ್ರು ಗೊತ್ತಾ? ನಮ್ಮ ಭಾವ! ಅಪ್ಪನ ಕೆಸು, ಅಕ್ಕಾ, ನನ್ನ ಅಡುಗೆಮನೇಲಿ. ಭಾವ, ನೀನು ಕಳಿಸಿದ್ದಾ? ನಂಗೆ ಅಂತಾನಾ?"

ಅವಳು ಚೀಟಿಗೆ ಇನ್ನೊಂದು ಫೋನು ಹಿಡಿದು, ಅದರ ಪರದೆಯನ್ನು ಕ್ಯಾಮೆರಾಕ್ಕೆ ತೋರಿಸಿ, ಮೂಡಿದ್ದನ್ನು ಒಂದಕ್ಷರ ಬಿಡದೆ ಪ್ರೀತಿಯಿಂದ ಓದಿದಳು. ಮೇಲಿನ ಹೊಲ. ಮೊದಲ ದರ್ಜೆ. ಕಿತ್ತದ್ದು ಹನ್ನೆರಡನೇ ತಾರೀಖು, ಬುಧವಾರ. "ನನ್ನ ಬೇಲಿ ದಾಟಿದ ಕಾಡುಹಂದಿ ಈವರೆಗೆ ಹುಟ್ಟಿಲ್ಲ."

ಕಾಲು ಉಳುಕಿದವನು ಕೋಲೂರಿಕೊಂಡು ಒಂದು ಹೆಜ್ಜೆ ಮುಂದೆ ಬಂದು ಇನೋಕೆಯ ಚಿತ್ರವನ್ನು ಹತ್ತಿರದಿಂದ ನೋಡಿದ. ಗುರುವಾರಕ್ಕೆ ಮೊದಲು ಬುಧವಾರ ಬರುತ್ತದೆ ಎಂಬುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ವಾಸಿತಿ ಫೋನಿನತ್ತ ಬಾಗಿ, ಗಡ್ಡೆ ಚೆನ್ನಾಗಿ ಬೇಯಿಸು, ಅಪ್ಪನಿಗೆ ಮೆತ್ತಗಿದ್ದರೇ ಇಷ್ಟ ಎಂದಷ್ಟೇ ತಂಗಿಗೆ ಹೇಳಿ ಕರೆ ಮುಗಿಸಿದಳು. ಆಮೇಲೆ ಗಂಡನನ್ನು ನೋಡದೆ ಒಳಗೆ ಹೋದಳು.

ಇನೋಕೆ ಕಾವಾದ ಬೇರಿನ ಒಂದು ಕಟ್ಟು ಹುಡುಕಿ ತಂದು, ತೋಮಾಸಿಯ ಮುಂದೆ ಮಂಡಿಯೂರಿ, ತಪ್ಪಾಯಿತು ಎಂದ. ಪಟ್ಟಿಯ ವಿಷಯ, ಹಾರೆಯ ವಿಷಯ, ಎರಡು ಬೆರಳಿನ ವಿಷಯ, ಏನನ್ನೂ ಮುಚ್ಚಿಡಲಿಲ್ಲ. ಕಂದುಗಳನ್ನೂ ಜಜ್ಜಿದ್ದನ್ನು ಕೊನೆಗೆ ಹೇಳಿದ. ಕಾವಾ ಮುಂದಿಟ್ಟು ಕ್ಷಮೆ ಕೇಳಿದವನನ್ನು ಅಲ್ಲಿ ತಿರಸ್ಕರಿಸುವಂತಿಲ್ಲ. ತೋಮಾಸಿ ಬೇರನ್ನು ಮುಟ್ಟಿ, ಸ್ವೀಕರಿಸಿದೆವು ಎಂದು ಗಂಭೀರವಾಗಿ ಹೇಳಿದ. ಕಟ್ಟನ್ನು ಎತ್ತಿ ಪಕ್ಕಕ್ಕಿಟ್ಟ.

"ಎಂಥ ಹಂದಿ ಸಾಕಿದ್ದೀಯ ಭಾವ," ಎಂದ ತೋಮಾಸಿ. "ನಮ್ಮ ಕಡೆ ಹಂದಿಗಳು ಸಿಕ್ಕಿದ್ದನ್ನ ಅಲ್ಲೇ ತಿಂದುಬಿಡ್ತವೆ. ನಿನ್ನವು ತೊಳೆದು, ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಹಡಗು ಹತ್ತಿಸಿವೆ."

ಊರು ನಕ್ಕಿತು. ಇನೋಕೆಗೆ ಹೋದ ಜೀವ ಬಂದಂತಾಯಿತು. ಗೇಲಿ ಬಂತೆಂದರೆ ಸಿಟ್ಟು ಹೋಯಿತು ಎಂದರ್ಥ.

ಆದರೆ ಹೆಂಡತಿ ಭಾವಮೈದುನನಲ್ಲ. ಬಟ್ಟೆ ಬದಲಿಸಿದ ಹೆಂಗಸರು ಹೂವಿನ ಬಣ್ಣಗಳಲ್ಲಿ ಒಬ್ಬೊಬ್ಬರಾಗಿ ಹೊರಬಂದರು. ಅತ್ತೆಯೂ ಬಂದರು. ಕೊನೆಗೆ ಬಂದ ವಾಸಿತಿ ಕಪ್ಪಿನಲ್ಲೇ ಇದ್ದಳು. ಇನೋಕೆ ಹತ್ತಿರ ಹೋಗಿ, ಮಾವನ ನೂರು ದಿನ ಮುಗಿಯಿತಲ್ಲ ಎಂದು ಮೆಲ್ಲಗೆ ನೆನಪಿಸಿದ.

"ಅಪ್ಪಂದು ಮುಗೀತು," ಎಂದಳು ವಾಸಿತಿ. "ಅದನ್ನ ಒಳಗೆ ಬಿಚ್ಚಿಟ್ಟೆ. ಇದು ಬೇರೆ. ಇಪ್ಪತ್ತು ಮನೆಗೂ ನೀನೇ ಹೋಗಿ ಕಂದು ಬೇಡಿ ತಂದು ನೆಡು. ಅದು ಬೆಳೆದು ಮನೆಗೆ ಹತ್ತು ಗಡ್ಡೆ ವಾಪಸ್ ಹೋಗೋ ತನಕ ಇದನ್ನ ಬಿಚ್ಚಲ್ಲ."

ಕೆಸು ಬಲಿಯಲು ಒಂಬತ್ತು ತಿಂಗಳು ಬೇಕು. ಅದನ್ನು ಚುರುಕುಗೊಳಿಸುವ ಗುಂಡಿ ಯಾವ ಆ್ಯಪಿನಲ್ಲೂ ಇರಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ತಮ್ಮೂರಿನ ಚರ್ಚಿಗೆ ಹೋದರು. ಪ್ರಾರ್ಥನೆ ಮುಗಿದು ಜನರೆಲ್ಲ ಬಾಗಿಲ ಬಳಿ ನೆರೆದಿದ್ದಾಗ ಪಾದ್ರಿಗಳು ವಾಸಿತಿಯ ಎರಡೂ ಕೈ ಹಿಡಿದುಕೊಂಡರು.

"ತಂದೆಯವರ ನೂರು ದಿನ ಕಳೀತು ಅಂದ್ರು. ಮತ್ತೆ ಕಪ್ಪು ಉಟ್ಟಿದ್ದೀಯಲ್ಲ ತಾಯಿ. ಯಾರು ಹೋದ್ರಮ್ಮ?"

"ಇವರನ್ನ ಕೇಳಿ," ಎಂದು ವಾಸಿತಿ ಪಕ್ಕಕ್ಕೆ ಸರಿದಳು.

ಇಡೀ ಚರ್ಚು ಇನೋಕೆಯ ಕಡೆ ತಿರುಗಿತು. ಅವನು ಅಂಗಿಯ ಗುಂಡಿ ಸರಿಮಾಡಿಕೊಂಡ, ಗಂಟಲು ಸರಿಮಾಡಿಕೊಂಡ.

"ಯಾರೂ ಹೋಗಿಲ್ಲ, ಪಾದ್ರಿಗಳೇ. ನಾನು ಕೆಸು ಮಾರಿದೆ."