ಗದೆ ಹಿಡಿದು ಕ್ರಿಸ್‌ಮಸ್ಸಿಗೆ ಹೋದದ್ದು

ನನಗಾಗ ಅರವತ್ತೊಂಬತ್ತು. ಇದು ನಡೆದು ನಾಲ್ಕು ವರ್ಷವಾಯಿತು. ಆ ವಯಸ್ಸಿನಲ್ಲಿ ಮೋಟಾರು ಸೈಕಲ್ಲಿನ ಹಿಂದೆ ಕೂತು, ಹೆಗಲ ಮೇಲೆ ಗದೆ ಇಟ್ಟುಕೊಂಡು, ಪಾಂಡವಪುರದ ಕಡೆಯಿಂದ ಕೆ.ಆರ್. ಪೇಟೆ ಸುತ್ತಿ ನಾಗಮಂಗಲಕ್ಕೆ ಹೋದ ಹೆಂಗಸು ನಾನೊಬ್ಬಳೇ ಇರಬೇಕು. ತಲೆ ಕೆಟ್ಟದ್ದು ನನಗಲ್ಲ, ನನ್ನ ಮಗನಿಗೆ. ಹುಟ್ಟುವಾಗಲೇ ಕೆಟ್ಟಿತ್ತು ಎಂದರೂ ಸುಳ್ಳಲ್ಲ. ಲೋಕದ ಮಕ್ಕಳೆಲ್ಲ ತಲೆ ಮುಂದಾಗಿ ಬಂದರೆ ಇವನು ಕಾಲು ಮುಂದಾಗಿ ಬಂದವನು. ಅದೂ ಎಡಗಾಲು. ಅದಕ್ಕೆ ಆರು ಬೆರಳು. ಗೇರು ಹಾಕುವುದಕ್ಕೆ ಅಂತಲೇ ಒಂದು ಬೆರಳು ಜಾಸ್ತಿ ತಂದಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಒಂದು ಆಯುಧಪೂಜೆಗೆ ಗಾಡಿಗೆ ಎಣ್ಣೆಸ್ನಾನ ಮಾಡಿಸಿದ. ಬ್ರೇಕನ್ನೂ ಬಿಡದೆ ಹಚ್ಚಿದ್ದ. ನಿಂಬೆಹಣ್ಣು ತುಳಿಸಿ ಹೊರಟವನು ಸೀದಾ ಎದುರು ಮನೆಯ ತಿಪ್ಪೆಯೊಳಗೆ ಹೋಗಿ ನಿಂತ. ಎಳೆದು ಹೊರಗೆ ತಂದರೆ, "ನೋಡವ್ವ, ಎಂಗೆ ಮೆತ್ತಗೆ ನಿಂತ್ಕತು" ಎನ್ನುತ್ತಾನೆ. ಇಂಥವನಿಗೆ ಏನು ಹೇಳುತ್ತೀರಿ?

ಇವನ ಕಾಲು ಹಿಡಿದು ಈ ಲೋಕಕ್ಕೆ ಎಳೆದವರು ಮಗ್ಗುಲ ಮನೆಯಲ್ಲಿದ್ದ ನರ್ಸಮ್ಮ. ಕ್ರೈಸ್ತರ ಹೆಂಗಸು, ಸರ್ಕಾರಿ ಕೆಲಸ. ಅವತ್ತು ನಮ್ಮ ಮನೆಯವರೆಲ್ಲ ನನ್ನ ಆಸೆ ಬಿಟ್ಟು ಜಗಲಿಯಲ್ಲಿ ಕೂತು ಅಳುತ್ತಿದ್ದರಂತೆ. ನರ್ಸಮ್ಮ ಒಬ್ಬರೇ ಒಳಗೆ ನನ್ನನ್ನು ಬೈಯುತ್ತಿದ್ದರು. ಬೈಸಿಕೊಂಡು ಬದುಕಿದೆ.

ಆಮೇಲೆ ಮೂವತ್ತು ವರ್ಷ ಅವರು ಊರಲ್ಲಿದ್ದರು. ಪ್ರತಿ ಕ್ರಿಸ್‌ಮಸ್ಸಿಗೂ ಮನೆಮನೆಗೆ ಸ್ಟೀಲ್ ತಟ್ಟೆಯಲ್ಲಿ ಕೇಕು ಕಳಿಸುತ್ತಿದ್ದರು. ಅದಕ್ಕೆ ಸಾರಾಯಿ ಹಾಕಿರುತ್ತಾರೆ ಎಂದು ನಮ್ಮ ಅತ್ತೆ ಹೇಳಿದ್ದರು. ನಾನು ಹಿತ್ತಿಲಿಗೆ ಹೋಗಿ ಕೋಳಿಗಳಿಗೆ ಹಾಕಿಬಿಡುತ್ತಿದ್ದೆ. ಅತ್ತೆ ಸತ್ತ ಮೇಲೂ ಹಾಕಿದೆ. ಕೋಳಿಗಳು ತೂರಾಡಿದ್ದನ್ನು ಒಂದು ದಿನವೂ ಕಾಣಲಿಲ್ಲ. ಖಾಲಿ ತಟ್ಟೆ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ, ತೊಳೆದು ಒಂದು ಹಿಡಿ ಸಕ್ಕರೆ ಹಾಕಿ, ಬಲು ಚೆನ್ನಾಗಿತ್ತು ಎಂದು ಹೇಳಿ ಕೊಡುತ್ತಿದ್ದೆ.

ನರ್ಸಮ್ಮ ರಿಟೈರಾಗಿ ನಾಗಮಂಗಲದಲ್ಲಿ ತಂಗಿಯ ಮಗಳ ಮನೆ ಸೇರಿದರು. ನಾಲ್ಕು ವರ್ಷದ ಹಿಂದೆ ಸುದ್ದಿ ಬಂತು. ಮರೆವು ಹತ್ತಿದೆ, ಎದುರಿಗೆ ಬಂದವರ ಗುರುತೇ ಸಿಗುವುದಿಲ್ಲ ಎಂದು. ನನ್ನ ಮಗ ಒಂದು ಹೊತ್ತು ಊಟ ಬಿಟ್ಟ. ಆಮೇಲೆ ಎದ್ದು ಬಂದು, "ಪೂರ್ತಿ ಮರ್ತೋಗಕ್ ಮುಂಚೆ ಅವರ್ಗೊಂದು ಕ್ರಿಸ್‌ಮಸ್ ಮಾಡ್ಬುಡಾಣ ಕಣವ್ವ" ಎಂದ. ನರ್ಸಮ್ಮನ ಕೈಯಲ್ಲಿ ಹುಟ್ಟಿದ ಇನ್ನೂ ಹತ್ತು ಜನರನ್ನು ಸೇರಿಸಿದ. ಹಾಲು ಹಾಕುವವರು, ವೆಲ್ಡಿಂಗಿನವರು, ಎಲ್ಲರೂ ಮಕ್ಕಳೊಂದಿಗರು. ಹನ್ನೊಂದು ಗಾಡಿ. ಕ್ರಿಸ್‌ಮಸ್ ತಾತನ ವೇಷದಲ್ಲಿ, ದಾರಿಯಲ್ಲಿ ಸಿಹಿ ಹಂಚಿಕೊಂಡು ಹೋಗಬೇಕಂತೆ. ನಾನೂ ಬರುತ್ತೇನೆಂದೆ. ಕೋಳಿಯ ವಿಷಯ ನರ್ಸಮ್ಮನಿಗೆ ಹೇಳಬೇಕಿತ್ತು. ಮರೆವು ಬಂದಿದೆಯಲ್ಲ, ಈಗ ಹೇಳಿದರೆ ನಷ್ಟವಿಲ್ಲ ಎಂದುಕೊಂಡೆ.

ವೇಷ ಎಲ್ಲಿ ಸಿಗುತ್ತದೆ? ನಮ್ಮ ಕಡೆಯವರಿಗೆ ವೇಷ ಎಂದರೆ ಪೌರಾಣಿಕ ನಾಟಕದ ಡ್ರೆಸ್ಸಿನ ಅಂಗಡಿ. ಶ್ರೀರಂಗಪಟ್ಟಣದಲ್ಲಿ ಒಂದಿತ್ತು, ಅಲ್ಲಿಗೆ ಹೋದರು. ಅಂಗಡಿಯವನು, ಕೆಂಪು ಬಟ್ಟೆ ಬೇಕಾ, ಇದೆ, ಬಿಳಿ ಗಡ್ಡ ಬೇಕಾ, ಇದೆ, ಇನ್ನೇನು ಎಂದನಂತೆ. ಬಟ್ಟೆ ರಾಜರದು, ಗಡ್ಡ ಋಷಿಗಳದು. ಗಡ್ಡ ಸೊಂಟದವರೆಗೆ, ಬಟ್ಟೆಗೆ ಅಂಗೈ ಅಗಲದ ಜರಿ. ರಾಜನ ಸೆಟ್ಟಿನ ಜೊತೆ ಕಿರೀಟ, ಗದೆ ಸೇರಿಯೇ ಬರುತ್ತವಂತೆ, ಬಿಡಿಸಿ ಕೊಡುವುದಿಲ್ಲವಂತೆ. ಕಿರೀಟಗಳನ್ನು ಹೆಡ್‌ಲೈಟುಗಳಿಗೆ ಕಟ್ಟಿದರು. ಗದೆಗಳನ್ನು ಗಾಡಿಗಳ ಪಕ್ಕಕ್ಕೆ ಬಿಗಿದರು, ನನ್ನ ಮಗನ ಗದೆ ನನ್ನ ಪಾಲಿಗೆ ಬಂತು.

ಹಾಲಿನ ಕ್ಯಾನುಗಳಿಗೆ ನಾನು ಮಾಡಿದ ಕಜ್ಜಾಯ ತುಂಬಿಕೊಂಡು ಹೊರಟೆವು. ನೇರ ದಾರಿ ಬಿಟ್ಟು ಕೆ.ಆರ್. ಪೇಟೆ ಸುತ್ತಿದ್ದು ಇವನದೇ ಐಡಿಯಾ. ಸಂತೋಷ ಹಂಚಬೇಕಾದರೆ ಸುತ್ತಬೇಕಂತೆ! ಊರೂರಿಗೂ ಇವನು 'ಹ್ಯಾಪಿ ಕ್ರಿಸ್‌ಮಸ್' ಎಂದು ಕೂಗುವುದು, ಜನ ಕೈಮುಗಿಯುವುದು. ಒಂದೂರಲ್ಲಿ ಹೆಂಗಸರು ಬಿಂದಿಗೆ ನೀರು ತಂದು ಹನ್ನೊಂದು ಜನರ ಕಾಲಿಗೂ ಹನ್ನೊಂದು ಗಾಡಿಯ ಚಕ್ರಕ್ಕೂ ಸುರಿದು ಆರತಿ ಎತ್ತಿದರು. ಕಜ್ಜಾಯವನ್ನು ಕಣ್ಣಿಗೆ ಒತ್ತಿಕೊಂಡು ತಿಂದರು. ಕೆ.ಆರ್. ಪೇಟೆಯಲ್ಲಿ ಒಬ್ಬ ಮುದುಕಪ್ಪ ಇವನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿ, "ಅದೆಲ್ಲ ಸರಿ ಕಣಪ್ಪ, ನಾಟ್ಕ ಯಾವತ್ತು?" ಎಂದ. ನಮ್ಮ ವೆಲ್ಡಿಂಗಿನವನು ಊರ ನಾಟಕದಲ್ಲಿ ಪಾರ್ಟು ಮಾಡಿದವನು. ಅಷ್ಟು ಕೇಳಿದ್ದೇ ಸಾಕಾಯಿತು, ಬಸ್‌ಸ್ಟ್ಯಾಂಡಿನಲ್ಲೇ ರಾಗ ಎತ್ತಿಬಿಟ್ಟ. ಎರಡು ಬಸ್ಸು ಹೊರಡಲಿಲ್ಲ. ಡ್ರೈವರುಗಳೇ ಇಳಿದು ಕೇಳುತ್ತಿದ್ದರು.

ನಾಗಮಂಗಲದ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ನಾನು ಕೇಳಿದೆ. "ಅಲ್ಲ ಕಣ್ರಲಾ, ಗುರುತು ಸಿಗ್ದಿರೋ ಮುದುಕಿ ತಾವ್ಕೆ ಮಕ ಮುಚ್ಕೊಂಡ್ ಹೋಯ್ತಾ ಇದ್ದೀರಲ್ಲ, ಅವರ್ಗೆ ಎಂಗೆ ಗುರ್ತು ಸಿಕ್ಕಾದು?"

ಹನ್ನೊಂದು ಜನರೂ ಒಬ್ಬರ ಗಡ್ಡ ಒಬ್ಬರು ನೋಡಿಕೊಂಡರು. ಮೂರು ದಿನದಿಂದ ಈ ಮಾತು ಯಾರಿಗೂ ಹೊಳೆದಿರಲಿಲ್ಲ. ಕೀಳಲು ಹೋದರೆ ಬರಲಿಲ್ಲ. ಗಾಳಿಗೆ ಹಾರದಿರಲಿ ಎಂದು ಅಂಗಡಿಯವನ ಅಂಟನ್ನು ಎರಡೆರಡು ಸಲ ಬಳಿದುಕೊಂಡಿದ್ದರು.

ನರ್ಸಮ್ಮ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ತಲೆ ಬಗ್ಗಿಸಿ ಕೂತಿದ್ದರು. ಒಂದು ಹಿಡಿಯಷ್ಟಾಗಿದ್ದರು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗಿ ಸಾಲಾಗಿ ನಿಂತೆವು. ಯಾರಪ್ಪ ಇಷ್ಟೊಂದು ಜನ ಅಜ್ಜಂದಿರು ಎಂದು ಕೇಳಿದರು. ನನ್ನ ಮಗ ಮುಂದೆ ಹೋಗಿ, "ನಾನು ಕಣಮ್ಮ, ನೀವೇ ಎರಿಗೆ ಮಾಡ್ಸಿದ್ದು" ಎಂದ.

ಅವರು ಆ ಗಡ್ಡವನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮ ತಾತನ ವಯಸ್ಸಾಗಿದೆ ನಿಮಗೆ. ನಾನು ಹೆಂಗಪ್ಪ ಹೆರಿಗೆ ಮಾಡಿಸಲಿ?"

ಯಾರಿಗೂ ನಗು ಬರಲಿಲ್ಲ. ಇವನು ಗಡ್ಡ ಎಳೆದ, ಚರ್ಮ ಕೆಂಪಾಯಿತೇ ಹೊರತು ಗಡ್ಡ ಬರಲಿಲ್ಲ. ಅವರ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟ. ನಲವತ್ತೆಂಟು ವರ್ಷದಲ್ಲಿ ಅವನ ಬಾಯಿ ಮುಚ್ಚಿದ್ದನ್ನು ನಾನು ಕಂಡಿದ್ದು ಅವತ್ತೇ.

ನರ್ಸಮ್ಮನ ತಲೆ ಮತ್ತೆ ಬಗ್ಗಿತು. ಕಣ್ಣು ಅವನ ಎಡಗಾಲಿನ ಮೇಲೆ ನಿಂತಿತು. ಕೈ ಚಾಚಿ ಬೆರಳು ಎಣಿಸತೊಡಗಿದರು. ಆರಕ್ಕೆ ನಿಲ್ಲಿಸಿ, ಆ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಕಾಲು ಮುಂದಾಗಿ ಬಂದೋನು" ಎಂದರು. "ನಿಮ್ಮವ್ವ ಉಳಕೊಂಡ್ಲಾ?"

"ಉಳ್ಕಂಡ್ಲು ಕಣಮ್ಮ. ಅಗೋ, ಗದೆ ಇಟ್ಕಂಡ್ ನಿಂತವ್ಳೆ ನೋಡಿ."

ನನ್ನನ್ನು ಬಹಳ ಹೊತ್ತು ನೋಡಿದರು. ನಾನು ಹೇಳಬೇಕೆಂದುಕೊಂಡದ್ದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ನಿಮ್ಮ ಕೋಳಿಗಳು ಹೆಂಗವೆ?" ಎಂದರು. "ಗೋಡೆ ಮೇಲಿಂದ ಕಾಣ್ತಿತ್ತು. ಪಾಪ, ಆಸೆಪಟ್ಟು ತಿನ್ನೋವು."

ಚೆನ್ನಾಗಿವೆ ಎಂದೆ. ತಂಗಿಯ ಮಗಳು ಕೇಕು ತಂದುಕೊಟ್ಟಳು. ನಿಂತುಕೊಂಡೇ ತಿಂದೆ. ಸಾರಾಯಿಯೂ ಇರಲಿಲ್ಲ, ಎಂಥದೂ ಇರಲಿಲ್ಲ. ಮೂವತ್ತು ವರ್ಷ ನಮ್ಮ ಕೋಳಿಗಳು ನನಗಿಂತ ಚೆನ್ನಾಗಿ ತಿಂದಿದ್ದವು. ಇನ್ನೊಂದು ತುಂಡನ್ನು ತಟ್ಟೆಯ ಸಮೇತ ಮನೆಗೆ ಕಟ್ಟಿಕೊಟ್ಟಳು. ನರ್ಸಮ್ಮ ಅವನ ಕಾಲು ಬಿಟ್ಟಿರಲಿಲ್ಲ. ಹೊರಡುವಾಗ ಬಿಡಿಸಬೇಕಾಯಿತು.

ಮಾರನೆಯ ಬೆಳಿಗ್ಗೆ ಆ ತುಂಡನ್ನೂ ನಾನೇ ತಿಂದು ತಟ್ಟೆ ತೊಳೆದೆ. ಸಕ್ಕರೆ ಡಬ್ಬಕ್ಕೆ ಹಾಕಿದ ಕೈ ಹಿಂದಕ್ಕೆ ತೆಗೆದೆ. ಕೋಳಿಗೂಡಿಗೆ ಹೋಗಿ ಇದ್ದ ಏಳು ಮೊಟ್ಟೆ ತಂದು, ಒಡೆಯದ ಹಾಗೆ ಒಂದು ಪಾತ್ರೆಯ ರಾಗಿಯೊಳಗೆ ಹುದುಗಿಸಿ, ತಟ್ಟೆಯನ್ನು ಅದರ ಮೇಲೆ ಮುಚ್ಚಿ, ನಾಗಮಂಗಲದ ಬಸ್ಸು ಹತ್ತಿದೆ.