ಪೆಟ್ಟು ಬಿದ್ದದ್ದು ಎಲ್ಲಿ?

ಗಂಡಸರ ಮೂತ್ರನಾಳಕ್ಕೆ ಪೆಟ್ಟಾಗುವುದು ನಮ್ಮ ಕಡೆ ನಡೆಯುತ್ತಲೇ ಇರುತ್ತದೆ; ಅದನ್ನು ಬಾಯಿಬಿಟ್ಟು ಹೇಳುವ ಗಂಡಸು ಮಾತ್ರ ಸಿಗುವುದಿಲ್ಲ. ತೊಂಬತ್ತರ ದಶಕದಲ್ಲಿ ಹಡಗಲಿ ಸೀಮೆಯಲ್ಲಿ ಶಸ್ತ್ರವೈದ್ಯನಾಗಿದ್ದಾಗ ನಾನೊಂದು ಹಟ ಹಿಡಿದಿದ್ದೆ. ಪೆಟ್ಟು ನಾಳದ ಮುಂಭಾಗಕ್ಕೋ ಹಿಂಭಾಗಕ್ಕೋ, ಬರೀ ಜಜ್ಜಿದೆಯೋ, ಅರ್ಧ ಹರಿದಿದೆಯೋ, ಪೂರ್ತಿ ತುಂಡಾಗಿದೆಯೋ ಗೊತ್ತಾಗುವ ತನಕ ಯಾರೂ ಅದರೊಳಗೆ ಮೂತ್ರ ಇಳಿಸುವ ನಳಿಗೆ ತೂರಿಸಕೂಡದು. ಕುರುಡಾಗಿ ತೂರಿಸಿದರೆ ಅರ್ಧ ಹರಿದದ್ದು ಪೂರ್ತಿ ಹರಿಯುತ್ತದೆ.

೧. ಹೊಟ್ಟೆನೋವು

ನೀಲಗುಂದದ ರೈತರೊಬ್ಬರು "ಹೊಟ್ಟಿ ನೋವ್ರಿ" ಎಂದು ಬಂದರು. ಒತ್ತಿ ನೋಡಿದೆ.

"ಇಲ್ಲೇನು?"

"ಸ್ವಲ್ಪ ಕೆಳಗ್ರಿ."

"ಇಲ್ಲಿ?"

"ಇನ್ನೊಂಚೂರು ಕೆಳಗ್ರಿ."

ಅವರ ಕಣ್ಣು ಪಕ್ಕದಲ್ಲಿದ್ದ ಸಿಸ್ಟರ್ ಮೇಲೆಯೇ ಇತ್ತು. ಸಿಸ್ಟರನ್ನು ಹೊರಗೆ ಕಳಿಸಿದ ಮೇಲೆ ಬಾಯಿಬಿಟ್ಟರು: ಮೂರು ದಿನದ ಹಿಂದೆ ಕಾಲು ಇಬ್ಬದಿಗೆ ಜಾರಿ ಸೈಕಲ್ಲಿನ ಅಡ್ಡಪೈಪಿನ ಮೇಲೆ ಬಿದ್ದಿದ್ದರು. ಪುಣ್ಯಕ್ಕೆ ಬರೀ ಜಜ್ಜಿತ್ತು, ಮೂತ್ರ ಸಲೀಸಾಗಿ ಬರುತ್ತಿತ್ತು.

"ಅವತ್ತೇ ಯಾಕೆ ಬರಲಿಲ್ಲ?"

"ಬಂದಿದ್ನ್ರಿ. ಅವತ್ತು ಸಿಸ್ಟರಮ್ಮ ಹೊರಗ ಹೋಗಲಿಲ್ಲ. ಹೊಟ್ಟಿನೋವಿನ ಗುಳಿಗಿ ಇಸಕೊಂಡು ಹೋದೆ."

೨. ಬೋರ್‌ವೆಲ್ ಮಾವ

ತೆಲಿಗಿಯವನೊಬ್ಬನ ಸೊಂಟದ ಮೇಲೆ ಟ್ರ್ಯಾಕ್ಟರ್ ಗಾಲಿ ಹರಿದು ಮೂಳೆ ಮುರಿದಿತ್ತು. ಅವನ ಮಾವ ಬೋರ್‌ವೆಲ್ ರಿಪೇರಿಯವರು. "ಪೈಪ್ ಹಾಕಿಬಿಡ್ರಿ ಸಾಹೇಬ್ರ, ಯಾಕ ತಡ ಮಾಡ್ತೀರಿ?" ಎಂದು ಒಂದೇ ಸಮನೆ ಕೇಳಿದರು. ನಾನು ಜಗ್ಗಲಿಲ್ಲ. ಫಿಲ್ಮಿನಲ್ಲಿ ಕಾಣುವಂಥ ಔಷಧವನ್ನು ನಾಳಕ್ಕೆ ಹರಿಸಿ ಎಕ್ಸ್‌ರೇ ತೆಗೆಸಿದೆ; ನಾಳ ಹಿಂಭಾಗದಲ್ಲಿ ಪೂರ್ತಿ ತುಂಡಾಗಿತ್ತು. ಕೆಳಹೊಟ್ಟೆ ಕೊಯ್ದು ಅಲ್ಲಿಂದಲೇ ಮೂತ್ರಕೋಶಕ್ಕೆ ನಳಿಗೆ ಇಟ್ಟೆ. ನಾಳ ಜೋಡಿಸಲು ದಾವಣಗೆರೆಗೆ ಹೋಗಬೇಕೆಂದು ಮಾವನಿಗೆ ಫಿಲ್ಮು ಹಿಡಿದು ವಿವರಿಸಿದೆ. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಷ್ಟು ದೂರ ಯಾಕ್ರಿ? ಎಷ್ಟು ಇಂಚಿಂದು ಹೇಳ್ರಿ, ಜಾಯಿಂಟ್ ನಮ್ಮ ಅಂಗಡ್ಯಾಗ ಐತಿ."

೩. ಬಾಗಿಲ ಹೊರಗೆ

ಮದುವೆ ಗೊತ್ತಾಗಿದ್ದ ಕಾನಹೊಸಹಳ್ಳಿಯ ಹುಡುಗನೊಬ್ಬ ಕಲ್ಲುಗೋಡೆ ದಾಟುವಾಗ ಕಾಲು ಇಬ್ಬದಿಗೆ ಜಾರಿ ಅದರ ಮೇಲೇ ಬಿದ್ದಿದ್ದ. ನಾಳದ ಮುಂಭಾಗ ಅರ್ಧ ಹರಿದಿತ್ತು. ಅವನಿಗೂ ಹೊಟ್ಟೆಯಿಂದಲೇ ನಳಿಗೆ. ಮೂರು ವಾರ ಮಲಗಿದ. ಅವನ ತಾಯಿ ಕುರಿ ಹಿಂಡನ್ನು ನೆಂಟರಿಗೆ ಒಪ್ಪಿಸಿ ವಾರ್ಡಿನಲ್ಲೇ ಉಳಿದರು. "ಇವ ನೆಟ್ಟಗ ಉಚ್ಚಿ ಹೊಯ್ಯೋ ತನಕ ನಾ ಊರಿಗಿ ಹೋಗಂಗಿಲ್ಲ" ಎಂದಿದ್ದರು.

ನಳಿಗೆ ಮುಚ್ಚಿ, ಮೂತ್ರ ತನ್ನ ದಾರಿಯಲ್ಲೇ ಬರುತ್ತದೋ ಎಂದು ನೋಡುವ ದಿನ ಬಂತು. ಅವನನ್ನು ಬಚ್ಚಲಿಗೆ ಕಳಿಸಿ ನಾನು, ಸಿಸ್ಟರ್, ತಾಯಿ ಬಾಗಿಲ ಹೊರಗೆ ನಿಂತೆವು. ಹತ್ತು ನಿಮಿಷವಾದರೂ ಸದ್ದಿಲ್ಲ. ಆಗ ಒಳಗಿನಿಂದ ದನಿ ಬಂತು: "ಸಾಹೇಬ್ರ, ನೀವೆಲ್ಲ ಕಿವಿಗೊಟ್ಟು ನಿಂತ್ರ ಅದು ಹೆಂಗ ಬರತೈತ್ರಿ?"

ದೂರ ಸರಿದೆವು. ಸ್ವಲ್ಪ ಹೊತ್ತಿಗೆ ಖಾಲಿ ಬಕೆಟ್ಟಿಗೆ ಧಾರೆ ಬಿದ್ದ ಸದ್ದು ವರಾಂಡದ ತನಕ ಕೇಳಿಸಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸಣ್ಣಾವಿದ್ದಾಗ ಹಾಸಿಗಿ ತೋಯಿಸ್ತಾನಂತ ಭಾಳ ಹೊಡ್ದೀನ್ರಿ ಇವನ್ನ. ಇನ್ನ ತೋಯಿಸ್ಲಿ ಬಿಡ್ರಿ, ಒಗಿಯಾಕ ಸೊಸಿ ಬರ್ತಾಳ."